ಎಡ ಹಿಂಗಾಲು ಕಾಣುವುದಿಲ್ಲ

ನಮ್ಮ ಪುರಭವನದಲ್ಲಿ ಸಭೆ ನಡೆದಾಗ ಮುಂದಿನ ಸಾಲಿನಲ್ಲಿ ಕೂರುವ ಹದಿನಾಲ್ಕು ಜನ ಗಣ್ಯರು ಸಂಕ್ರಾಂತಿಯ ಸಕ್ಕರೆ ಅಚ್ಚಿನಂತೆ ಒಬ್ಬರಿದ್ದ ಹಾಗೇ ಇನ್ನೊಬ್ಬರಿದ್ದಾರೆ. ಅದೇ ಹೊಳೆಯುವ ಮೈ, ಅದೇ ಅಗಲವಾದ ಹೆಗಲು, ಅದೇ ವಿಶಾಲವಾದ ಹಣೆ. ಸಭೆ ಮುಗಿದ ಮೇಲೆ ಅವರ ಹೆಂಡಂದಿರು ಬಾಗಿಲ ಹತ್ತಿರ ನಿಂತು, ಮುಂಗೈಗೆ ಕಟ್ಟಿದ ದಾರ ನೋಡಿ, ತಮ್ಮ ತಮ್ಮವರನ್ನು ಕರೆದುಕೊಂಡು ಹೋಗುತ್ತಾರೆ. ಒಬ್ಬರಿಗೆ ಕೆಂಪು ದಾರ, ಒಬ್ಬರಿಗೆ ಹಸಿರು, ಒಬ್ಬರಿಗೆ ಅರಿಶಿನ. ಒಮ್ಮೆ ಮಳೆಗೆ ಎರಡು ದಾರಗಳ ಬಣ್ಣ ಬಿಟ್ಟು, ಅಕ್ಕಿ ಮಂಡಿಯವರು ಮೂರು ದಿನ ಜವಳಿ ಅಂಗಡಿಯವರ ಮನೆಯಲ್ಲಿ ಊಟ ಮಾಡಿದರು. ಊಟ ಚೆನ್ನಾಗಿತ್ತಂತೆ. ಆ ವಿಷಯವನ್ನು ಆಮೇಲೆ ಯಾರೂ ಎತ್ತಲಿಲ್ಲ.

ಇದನ್ನೆಲ್ಲ ಬರೆಯಲು ನಾನು ತಕ್ಕವಳೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಆ ಸಾಲಿಗೆ ಹದಿನೈದನೆಯವರು ಸೇರದೆ ಹೋದದ್ದಕ್ಕೆ ನಾನೇ ಕಾರಣ ಎಂದು ಊರೆಲ್ಲ ಹೇಳುತ್ತಿರುವುದರಿಂದ, ನಡೆದದ್ದನ್ನು ನಡೆದಷ್ಟು ಬರೆದಿಡುತ್ತೇನೆ. ತಪ್ಪಿದ್ದರೆ ತಿಳಿದವರು ತಿದ್ದಲಿ.

ಊರಿನ ಬೆನ್ನಿಗಿರುವ ಗುಡ್ಡದಲ್ಲಿ ಅಂಬರ್ ಸಿಗುತ್ತದೆ. ಯಾವುದೋ ಕಾಲದ ಮರಗಳ ಅಂಟು ಸೋರಿ, ಗಟ್ಟಿಯಾಗಿ, ಕಲ್ಲಾದದ್ದು, ಜೇನಿನ ಬಣ್ಣ. ನಾವು ಅದನ್ನು ಅಂಟುಗಲ್ಲು ಎನ್ನುತ್ತೇವೆ. ಕೆಲವು ಕಲ್ಲುಗಳೊಳಗೆ ಒಂದು ಜೀರುಂಡೆ ಇರುತ್ತದೆ, ಕೋಟಿಗಟ್ಟಲೆ ವರ್ಷದ ಹಿಂದೆ ಕಾಲಿಟ್ಟಲ್ಲೇ ಸಿಕ್ಕಿಬಿದ್ದದ್ದು. ಅಂಥ ಕಲ್ಲು ವರ್ಣನೆ ಕಚೇರಿಗೆ ಬರುತ್ತದೆ. ಜೀರುಂಡೆ ಈವರೆಗೆ ಕಾಣದ ಜಾತಿಯದಾದರೆ ಅದಕ್ಕೆ ಊರಿನ ಒಬ್ಬರ ಹೆಸರಿಟ್ಟು, ಅದು ಹೇಗಿದೆಯೆಂದು ವರ್ಣನೆ ಬರೆದು, ಪುರಭವನದಲ್ಲಿ ಓದಬೇಕು. ಓದಿದ ಮರುದಿನ ಬೆಳಗಾಗುವುದರೊಳಗೆ ವರ್ಣನೆ ಆ ಹೆಸರಿನವರಿಗೆ ಹತ್ತುತ್ತದೆ. ಮುಂಗಾಲಿನ ಬಗ್ಗೆ ಬರೆದದ್ದು ಕೈಗೆ, ಹಿಂಗಾಲಿನ ಬಗ್ಗೆ ಬರೆದದ್ದು ಕಾಲಿಗೆ. ನಡುಗಾಲಿನ ಮಾತನ್ನು ಊರಲ್ಲಿ ಯಾರೂ ಆಡುವುದಿಲ್ಲ. ‘ಉದ್ದ ಮೂರು ಮಿಲಿಮೀಟರ್’ ಎಂದು ಬರೆದದ್ದು ಮಾತ್ರ ಈವರೆಗೆ ಯಾರಿಗೂ ಹತ್ತಿಲ್ಲ. ಯಾಕೆಂದು ಕೇಳಿದರೆ ಹತ್ತೀತೆಂಬ ಭಯಕ್ಕೆ ಯಾರೂ ಕೇಳಿಲ್ಲ.

ನನ್ನ ಅಪ್ಪ ಚಿಕ್ಕರಂಗಯ್ಯ ಗುಡ್ಡದಲ್ಲಿ ಅಗೆಯುವ ಕೆಲಸ ಮಾಡುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ, ಕಲ್ಲು ಯಾರಿಗೆ ಸಿಕ್ಕಿತೋ ಅವರ ಹೆಸರನ್ನೇ ಇಡುವ ಪದ್ಧತಿ ಇದ್ದಾಗ, ಅವರಿಗೊಂದು ಕಲ್ಲು ಸಿಕ್ಕಿತು. ಆಗ ವರ್ಣನೆ ಬರೆಯುತ್ತಿದ್ದವರು ಅಶ್ವತ್ಥಯ್ಯನವರು. ಕಲ್ಲಿನೊಳಗಿನ ಒಂದು ಗಾಳಿಗುಳ್ಳೆ ಜೀರುಂಡೆಯ ಎಡ ಹಿಂಗಾಲನ್ನು ಮುಚ್ಚಿಕೊಂಡಿತ್ತು. ಊಟದ ಹೊತ್ತಾಗಿತ್ತು. ಅವರು ‘ಎಡ ಹಿಂಗಾಲು ಇಲ್ಲ’ ಎಂದು ಬರೆದು ಊಟಕ್ಕೆ ಎದ್ದರು. ಓದಿದ ಮರುದಿನ ಅಪ್ಪ ಎದ್ದು ಕೂತಾಗ ಮಂಚದ ಮೇಲೆ ಬಲಗಾಲೊಂದೇ ಇತ್ತು. ನೋವಿಲ್ಲ, ಗಾಯವಿಲ್ಲ, ಒಂದು ಹನಿ ರಕ್ತವಿಲ್ಲ. “ಬರೆದದ್ದು ಬರೆದಾಯ್ತು” ಎಂದರು ಅಶ್ವತ್ಥಯ್ಯ. ಓದಿದ ವರ್ಣನೆಯನ್ನು ಸುಮ್ಮನೆ ತಿದ್ದುವಂತಿಲ್ಲ. ಅರಗಿನ ಮುದ್ರೆ ಹಾಕಿ ಬೀರುವಿನಲ್ಲಿಟ್ಟ ಕಲ್ಲನ್ನು ಸುಮ್ಮನೆ ತೆಗೆಯುವಂತಿಲ್ಲ. ಅಪ್ಪ ಮನೆಯಲ್ಲಿ ಕೂತು, ಅಗೆಯುವವರ ಜರಡಿಗಳನ್ನು ರಿಪೇರಿ ಮಾಡತೊಡಗಿದರು.

ಊರು ಇದರಿಂದ ಪಾಠ ಕಲಿಯಿತು. ಜೀರುಂಡೆಯನ್ನು ನೋಡದೆ ಬರೆಯುವುದೇ ಕ್ಷೇಮ ಎಂಬ ಪಾಠ. ಅಶ್ವತ್ಥಯ್ಯನವರು ಒಂದು ಫಾರಂ ಅಚ್ಚು ಹಾಕಿಸಿದರು: ‘ಮೈ ಹೊಳಪುಳ್ಳದ್ದು. ಹೆಗಲು ಅಗಲ. ಹಣೆ ವಿಶಾಲ. ಅಂಗಾಂಗಗಳು ಸಮಸ್ತವೂ ಇವೆ, ಊನವಿಲ್ಲ.’ ಹೆಸರಿನ ಜಾಗವೊಂದೇ ಖಾಲಿ. ಇಂಥ ಗಂಡಾಂತರದ ಗೌರವವನ್ನು ಇನ್ನು ಮುಂದೆ ಅಗೆಯುವ ಬಡವರ ತಲೆಗೆ ಕಟ್ಟಬಾರದೆಂದು ಗಣ್ಯರು ತಾವೇ ಹೊತ್ತುಕೊಂಡರು. ಅಂದಿನಿಂದ ಹದಿನಾಲ್ಕು ಜಾತಿಗಳು ಸಿಕ್ಕವು, ಹದಿನಾಲ್ಕಕ್ಕೂ ಅದೇ ಫಾರಂ. ಮುಂದಿನದನ್ನು ಆಗಲೇ ಹೇಳಿದ್ದೇನೆ.

ನಾನು ಹಗಲು ಅದೇ ಕಚೇರಿಯಲ್ಲಿ ಕಸ ಗುಡಿಸಿ, ಭೂತಗನ್ನಡಿ ಒರೆಸುವ ಕೆಲಸಕ್ಕಿದ್ದೆ. ಸಂಜೆ ಹಿಟ್ಟಿನ ಗಿರಣಿಯ ಅಟ್ಟದ ಮೇಲೆ ಪುಟ್ಟತಾಯಮ್ಮ ಮೇಡಂ ನಡೆಸುತ್ತಿದ್ದ ತರಗತಿಗೆ ಎಂಟು ವರ್ಷ ಹೋದೆ. ಕೆಳಗೆ ಗಿರಣಿ ತಿರುಗುವ ಸದ್ದಿಗೆ ಮೇಡಂ ಕೂಗಿ ಹೇಳುತ್ತಿದ್ದರು, ನಾವು ಕೂಗಿ ಒಪ್ಪಿಸುತ್ತಿದ್ದೆವು. ಈಗಲೂ ಓದುವಾಗ ನನ್ನ ದನಿ ಜೋರು, ದಯವಿಟ್ಟು ಅದನ್ನು ಧೈರ್ಯವೆಂದು ತಿಳಿಯಬಾರದು. ಮೇಡಂ ಹೇಳಿಕೊಟ್ಟದ್ದರಲ್ಲಿ ನನಗೆ ಹತ್ತಿದ್ದು ಇಷ್ಟು: “ಕಂಡದ್ದನ್ನ ಕಂಡಷ್ಟು ಬರಿ. ಕಾಣದ್ದನ್ನ ಕಾಣೋದಿಲ್ಲ ಅಂತ ಬರಿ. ಇಲ್ಲ ಅನ್ನೋಕೆ ನೀನ್ಯಾರು?”

ಕಚೇರಿಯ ಹಳೆಯ ನಿಯಮದ ಪುಸ್ತಕವನ್ನು ನಾನು ಅಲ್ಲೇ ಬಾಯಿಪಾಠ ಮಾಡಿದ್ದು. ಅದರ ಐದನೆಯ ನಿಯಮ ಹೀಗಿದೆ: ಹೊಸ ಜಾತಿ ಎನ್ನುವ ಮೊದಲು, ಅದಕ್ಕೆ ಅತಿ ಹತ್ತಿರದ ಜಾತಿಯ ಕಲ್ಲನ್ನು ಬೀರುವಿನಿಂದ ತೆಗೆದು, ಬೇಕಾದರೆ ಒಂದು ಮುಖ ಉಜ್ಜಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, ಆ ಹೋಲಿಕೆಯನ್ನೂ ಸಭೆಯಲ್ಲಿ ಓದತಕ್ಕದ್ದು, ಹಳೆಯದಕ್ಕೂ ಹೊಸದಕ್ಕೂ ಓದಿದ್ದು ಓದಿದಂತೆ ಹತ್ತತಕ್ಕದ್ದು. ಫಾರಂ ಬಂದ ಮೇಲೆ ಈ ನಿಯಮದ ಪುಟವನ್ನು ಯಾರೂ ತೆರೆದಿರಲಿಲ್ಲ. ಅಪ್ಪನ ಕಲ್ಲನ್ನು ಮತ್ತೊಮ್ಮೆ ಬೆಳಕಿಗೆ ಹಿಡಿಯಲು ಇದ್ದದ್ದು ಅದೊಂದೇ ದಾರಿ. ಅಶ್ವತ್ಥಯ್ಯನವರು ತೀರಿಕೊಂಡು, ಆ ಜಾಗಕ್ಕೆ ಬೇರೆ ಯಾರೂ ಬಾರದೆ, ತಾತ್ಕಾಲಿಕವಾಗಿ ವರ್ಣನೆ ಬರೆಯುವ ಆದೇಶ ನನ್ನ ಕೈಗೆ ಬಂದಾಗ ನಾನು ದೇವರಲ್ಲಿ ಕೇಳಿಕೊಂಡದ್ದು ಒಂದೇ. ಅಪ್ಪನದಕ್ಕೆ ಹತ್ತಿರದ ಒಂದು ಜೀರುಂಡೆ ಸಿಗಲಿ.

ಸಿಕ್ಕಿತು. ಅದನ್ನು ಹಿಡಿದುಕೊಂಡು ಪುರಸಭೆಯ ಅಧ್ಯಕ್ಷ ದೊಡ್ಡವೀರಯ್ಯನವರೇ ಕಚೇರಿಗೆ ಬಂದರು. “ಎಲ್ಲರದೂ ಆಗಲಿ, ನಂದು ಕೊನೆಗೆ” ಎಂದು ಹದಿನಾಲ್ಕು ಸಲ ಹೇಳಿದವರು ಅವರು. ಹದಿನಾಲ್ಕು ಸಲವೂ ಯಾರಾದರೂ ‘ಬೇಡ, ನಿಮ್ಮದೇ ಮೊದಲು’ ಎಂದಾರು ಎಂದು ಕಾದಿದ್ದರು.

“ಏನಮ್ಮ ವನಮಾಲ, ಇದಕ್ಕೆ ನನ್ನ ಹೆಸರು. ಹುಳ ಹೇಗಿದೆ?”

“ನೋಡ್ಬೇಕು ಸಾರ್.”

“ನೋಡೋದೇನಿದೆ? ಫಾರಂ ಇದೆಯಲ್ಲ, ಹೆಸರು ತುಂಬು.” ಅವರು ಪೇಟ ತೆಗೆದು ಮೇಜಿನ ಮೇಲಿಟ್ಟು, ಬೋಳು ತಲೆಯನ್ನು ಒಮ್ಮೆ ಸವರಿಕೊಂಡರು. “ಒಂದ್ ಮಾತು ಮಾತ್ರ ಸೇರಿಸ್ಬಿಡು. ಕೂದಲು ದಟ್ಟ ಅಂತ.”

“ಜೀರುಂಡೆಗೆ ಕೂದಲು…”

“ಆ ಕಾಲದ ಹುಳಕ್ಕೆ ಏನಿತ್ತು ಏನಿರ್ಲಿಲ್ಲ, ನೀನು ಕಂಡಿದೀಯಾ ನಾನು ಕಂಡಿದೀನಾ? ಹುಡುಕಮ್ಮ, ಸಿಗುತ್ತೆ. ಗುರುವಾರ ಸಭೆ. ಆಮೇಲೆ ನಿನ್ನ ತಾತ್ಕಾಲಿಕನ ಕಾಯಂ ಮಾಡೋ ವಿಚಾರ ಮಾತಾಡೋಣ.”

ಅವರು ಹೋದ ಮೇಲೆ ಕಲ್ಲಿನ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟೆ. ಎಣ್ಣೆ ಬಿಟ್ಟರೆ ಮೇಲಿನ ಗೀರುಗಳು ಮಾಯವಾಗಿ ಒಳಗಿನದು ತಿಳಿಯಾಗುತ್ತದೆ. ಭೂತಗನ್ನಡಿ ಇಟ್ಟು ಬಗ್ಗಿದೆ. ಅದೇ ಉದ್ದ ಕತ್ತು, ಬೆನ್ನಿನ ಮೇಲೆ ಅದೇ ಗುಳಿಗಳ ಸಾಲು. ಅಪ್ಪನ ಜೀರುಂಡೆಯ ಚಿತ್ರವನ್ನು ಕಚೇರಿಯ ಪುಸ್ತಕದಲ್ಲಿ ನಾನು ಅದೆಷ್ಟು ಸಲ ನೋಡಿದ್ದೇನೋ. ಕಾಲು ಎಣಿಸಿದೆ. ಆರೂ ಇದ್ದವು. ಎಡ ಹಿಂಗಾಲು, ಯಾರೋ ಬೇಕೆಂದೇ ಚಾಚಿ ತೋರಿಸಿದ ಹಾಗೆ, ಬುಡದಿಂದ ಉಗುರಿನವರೆಗೆ ಕಾಣುತ್ತಿತ್ತು.

ಕಲ್ಲು ಉಜ್ಜುವ ಹುಸೇನಣ್ಣ ತಮ್ಮ ಚಕ್ರ ನಿಲ್ಲಿಸಿ ಬಂದು ನೋಡಿದರು. ಅವರು ನಲವತ್ತು ವರ್ಷದಿಂದ ಇದೇ ಕಚೇರಿಯ ಹಿಂಬದಿಯಲ್ಲಿ ಕೂತವರು. ಅಪ್ಪನ ಕಲ್ಲನ್ನೂ ಅವರೇ ಉಜ್ಜಿದ್ದು.

“ವನಮ್ಮ, ಇದು ರಂಗಣ್ಣನ ಹುಳಾನೇ! ಹೊಸ ಜಾತಿಯಲ್ಲ, ಹಳೇದರದ್ದೇ ಎರಡನೇದು ಅಂತ ಬರಿ. ಆರು ಕಾಲು ಕಾಣ್ತಾವೆ ಅಂತ ಓದು. ಓದಿದ ಮರುದಿನ ಬೆಳಿಗ್ಗೆ ನಿಮ್ಮಪ್ಪ ಎದ್ದು ಓಡಾಡ್ತಾರೆ. ಅಧ್ಯಕ್ಷರು ಇನ್ನೊಂದು ಹುಳ ಹುಡುಕ್ಕೊಳ್ಲಿ.”

ಅಷ್ಟು ಸುಲಭವಾಗಿ ನನಗೆ ಬೇಕಾದದ್ದು ಸಿಕ್ಕಿದರೆ ನನಗೆ ಭಯವಾಗುತ್ತದೆ. ಬೇಕಾದದ್ದನ್ನೇ ಕಣ್ಣು ಕಾಣುತ್ತಿದೆಯೋ ಏನೋ. ಐದನೆಯ ನಿಯಮದ ಪ್ರಕಾರ ಬೀರು ತೆಗೆದು, ಅರಗು ಒಡೆದು, ಅಪ್ಪನ ಕಲ್ಲನ್ನು ಹೊಸದರ ಪಕ್ಕದಲ್ಲಿಟ್ಟು ಕುಡಿಮೀಸೆಗಳನ್ನು ಎಣಿಸಲು ಕೂತೆ. ಜೀರುಂಡೆಯ ತಲೆಯಿಂದ ಮುಂದಕ್ಕೆ ಚಾಚಿದ ಕುಡಿಮೀಸೆ ಮಣಿಗಳ ಸರದ ಹಾಗಿರುತ್ತದೆ, ಹನ್ನೊಂದು ಮಣಿ. ಅಪ್ಪನದರಲ್ಲಿ ತುದಿಯ ನಾಲ್ಕು ಮಣಿಗಳು ದಪ್ಪ. ಹೊಸದರಲ್ಲಿ ತುದಿಯ ಮೂರು ದಪ್ಪ. ಎಂಟನೆಯ ಮಣಿ ಏಳನೆಯದಕ್ಕಿಂತ ಒಂಚೂರು ದಪ್ಪವಿರಬಹುದೇ? ಬಲಗಡೆಯಿಂದ ನೋಡಿದೆ, ಎಡಗಡೆಯಿಂದ ನೋಡಿದೆ. ಬೆಳಕು ಬದಲಿಸಿದೆ. ಊಟ ಮಾಡಿ ಬಂದು ನೋಡಿದೆ, ಹಸಿವಿಗೆ ಕಣ್ಣು ಮೋಸ ಮಾಡಿರಬಹುದೆಂದು. ಅಶ್ವತ್ಥಯ್ಯನವರು ಊಟಕ್ಕೆ ಮೊದಲು ಬರೆದದ್ದು ನೆನಪಿತ್ತು. ಎರಡು ದಿನ ನೋಡಿದೆ. ಎಂಟನೆಯದು ಏಳನೆಯದರಷ್ಟೇ ಇತ್ತು.

“ಮೂರೇ, ಹುಸೇನಣ್ಣ.”

“ನಾಲ್ಕು ಅಂತ ಬರಿ ತಾಯಿ. ಮುಂದಿನ ಸಾಲಲ್ಲಿ ಕೂತೋರು ಒಬ್ರನ್ನೊಬ್ರು ಗುರುತು ಹಿಡಿಯೋಕಾಗ್ದೆ ಒದ್ದಾಡ್ತಾವ್ರೆ, ಹುಳದ ಮೀಸೇಲಿ ಮಣಿ ಎಣಿಸೋಕೆ ಬರ್ತಾರಾ?”

“ನಾನು ಎಣಿಸಿದೀನಲ್ಲ.”

ಅವರು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು. ನನ್ನ ಮೇಲೋ ಅಪ್ಪನ ಮೇಲೋ ತಿಳಿಯಲಿಲ್ಲ.

ಉಳಿದದ್ದು ಒಂದೇ. ಹೋಲಿಕೆಗಾಗಿ ಒಂದು ಮುಖ ಉಜ್ಜಬಹುದೆಂದು ನಿಯಮ ಹೇಳುತ್ತದೆ. ಅಪ್ಪನ ಕಲ್ಲನ್ನು ಹೊಟ್ಟೆಯ ಕಡೆಯಿಂದ ಉಜ್ಜಿದರೆ ಗುಳ್ಳೆಯ ಹಿಂದೆ ಏನಾದರೂ ಕಂಡೀತು. ಆದರೆ ಉಜ್ಜುವಾಗ ಕಲ್ಲು ಸೀಳಿದರೆ? ಹೆಸರಿಟ್ಟ ಕಲ್ಲು ಒಡೆದ ಉದಾಹರಣೆ ಊರಿನಲ್ಲಿಲ್ಲ. ಒಡೆದರೆ ಅಪ್ಪನಿಗೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ. ಮನೆಗೆ ಹೋಗಿ ಅಪ್ಪನನ್ನೇ ಕೇಳಿದೆ. ಮಣಿಯ ವಿಷಯವನ್ನೂ ಮುಚ್ಚಿಡದೆ ಹೇಳಿದೆ.

ಅಪ್ಪ ಜರಡಿಯ ತಂತಿ ಬಿಗಿಯುತ್ತಲೇ ಕೇಳಿಸಿಕೊಂಡರು. “ಆ ಆರು ಕಾಲಿನ ಹುಳ ಅಧ್ಯಕ್ಷರದಲ್ವೇನವ್ವ?”

“ಹೌದು. ನಾಲ್ಕು ಮಣಿ ಅಂತ ಬರೆದ್ರೆ ನಿಮ್ಮದಾಗುತ್ತೆ.”

“ಅಲ್ಲ, ಅಧ್ಯಕ್ಷರ ಕಾಲು ತಂದು ನಂಗಂಟಿಸಿದ್ರೆ ಅದು ನಾ ಹೇಳ್ದಂಗೆ ಕೇಳ್ತದಾ? ನಾನು ಗುಡ್ಡಕ್ಕೆ ಅಂದ್ರೆ ಅದು ಪುರಸಭೆಗೆ ಅನ್ನುತ್ತೆ.” ತಮ್ಮ ಮಾತಿಗೆ ತಾವೇ ನಕ್ಕು, ಜರಡಿಯನ್ನು ಪಕ್ಕಕ್ಕಿಟ್ಟರು. “ನಂದು ನನ್ನ ಕಲ್ಲೊಳಗೇ ಇರ್ಬೇಕು. ಉಜ್ಜಿಸು. ಒಡೆದ್ರೆ ಹುಸೇನನ ಕೈಯಾಗಿ ಒಡೀಲಿ, ಬ್ಯಾರೆಯೋರ ಕೈ ಬ್ಯಾಡ.”

ಹುಸೇನಣ್ಣ ಅಂದು ಚಕ್ರ ಬಳಸಲಿಲ್ಲ. ಒದ್ದೆ ಚರ್ಮದ ಮೇಲೆ ಕಲ್ಲನ್ನಿಟ್ಟು ಬೆರಳಿನಿಂದಲೇ ಉಜ್ಜಿದರು. ಬೆಳಿಗ್ಗೆ ಕೂತವರು ಮಧ್ಯಾಹ್ನದವರೆಗೆ ಒಂದು ಮಾತಾಡಲಿಲ್ಲ. ಮಾತಿಲ್ಲದ ಹುಸೇನಣ್ಣನನ್ನು ನಾನು ನೋಡಿದ್ದು ಅದೇ ಮೊದಲು. ನಾನು ಹತ್ತು ಸಲ ಉಜ್ಜಿದ್ದಕ್ಕೊಮ್ಮೆ ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಕೊನೆಗೆ ಗುಳ್ಳೆಯ ಅಂಚಿನಾಚೆ, ಕೂದಲಿನ ತುಂಡಿನಂತೆ, ಎರಡು ಬಾಗಿದ ಉಗುರುಗಳು ಕಂಡವು.

“ಇದೆ!” ಎಂದೆ. ಕೂಗಿದೆನೆಂದು ಆಮೇಲೆ ಗೊತ್ತಾಯಿತು.

“ಕಾಲು?”

“ಉಗುರು.”

“ಇನ್ನೊಂದು ಕೂದಲೆಳೆಯಷ್ಟು ಉಜ್ಜಿದ್ರೆ ಗುಳ್ಳೆ ಬಾಯಿ ಬಿಡುತ್ತೆ, ಅಷ್ಟೇ ನನ್ನ ಕೈಲಾಗೋದು” ಎಂದು ಹುಸೇನಣ್ಣ ಬೆವರು ಒರೆಸಿಕೊಂಡರು. “ಸಾಕಲ್ಲ. ಕಾಲಿದೆ ಅಂತ ಬರ್ಕೊ.”

“ಕಾಲು ಕಾಣ್ತಾ ಇಲ್ವಲ್ಲ.”

“ಯಾ ಅಲ್ಲಾ! ಕಾಲಿಲ್ದೆ ಉಗುರು ಎಲ್ಲಿಂದ ಬರುತ್ತಮ್ಮ? ಗಾಳೀಲಿ ತೇಲ್ತಾವಾ?”

“ಇಲ್ಲ ಅನ್ನಲ್ಲ ಹುಸೇನಣ್ಣ. ಗುಳ್ಳೆಯ ಮರೇಲಿದೆ, ಕಾಣೋದಿಲ್ಲ ಅಂತೀನಿ. ಕಂಡಿದ್ದು ಉಗುರು.”

“ನಿಮ್ಮ ಮೇಡಂನ ಒಂದ್ಸಲ ನಾನು ನೋಡ್ಬೇಕು” ಎಂದರು ಅವರು. ಅದು ಹೊಗಳಿಕೆಯಲ್ಲವೆಂದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು.

ಬುಧವಾರ ಅಧ್ಯಕ್ಷರು ಕಚೇರಿಯ ಬಾಗಿಲಲ್ಲೇ ನಿಂತು ಕೇಳಿದರು. “ಎಲ್ಲಾ ಸರಿಯಾಗಿ ಬರ್ದಿದೀಯಲ್ಲಮ್ಮ?”

“ಕಂಡಷ್ಟು ಸರಿಯಾಗಿ ಬರೆದಿದೀನಿ ಸಾರ್.”

“ಕೂದಲು?”

“ಅದನ್ನೂ ಸೇರಿಸಿದೀನಿ.”

ಅವರು ಸಂತೋಷದಿಂದ ಹೋದರು. ನಾನು ಸುಳ್ಳು ಹೇಳಲಿಲ್ಲ. ಆದರೂ ಆ ಮಾತು ಸರಿಯಾಯಿತೆಂದು ನನಗೆ ಇನ್ನೂ ಅನಿಸಿಲ್ಲ.

ಗುರುವಾರ ಮಧ್ಯಾಹ್ನ ಪುರಭವನ ತುಂಬಿತ್ತು. ಹದಿನಾಲ್ಕು ಜನ ಹೊಳೆಯುತ್ತ ಕೂತಿದ್ದರು, ಹದಿನೈದನೆಯ ಕುರ್ಚಿ ಹೊಸದು. ಅಧ್ಯಕ್ಷರ ಹೆಂಡತಿ ರಾಚಮ್ಮನವರು ಬಾಗಿಲ ಬಳಿ ಹೆಂಗಸರ ಜೊತೆ ನಿಂತಿದ್ದರು, ಕೈಯಲ್ಲಿ ಒಂದು ಹೊಸ ದಾರದ ಉಂಡೆ. ಹದಿನಾಲ್ಕು ಬಣ್ಣ ಮುಗಿದು ಅವರ ಪಾಲಿಗೆ ಉಳಿದದ್ದು ಬದನೆಕಾಯಿ ಬಣ್ಣ. ನಾನು ಹಾಳೆ ಬಿಡಿಸಿದೆ. ದನಿ ಗಿರಣಿಯದು.

“ದೊಡ್ಡವೀರಯ್ಯ ಜೀರುಂಡೆ. ಹೊಸ ಜಾತಿ. ಬಣ್ಣ ಮಾಸಲು ಕಂದು, ಹೊಳಪು ಕಾಣುವುದಿಲ್ಲ. ತಲೆ ಮೈಗೆ ಹೋಲಿಸಿದರೆ ಸಣ್ಣದು. ಕತ್ತು ಉದ್ದ.”

ಅಧ್ಯಕ್ಷರು ದಡಕ್ಕನೆ ಎದ್ದರು. “ಏಯ್, ನಿಲ್ಸು!”

ಮೊದಲ ಸಾಲಿನಲ್ಲಿ ಹಸಿರು ದಾರದವರು ಅವರ ಪಂಚೆ ಹಿಡಿದೆಳೆದರು. “ನಿಲ್ಸಿದ್ರೆ ಕತ್ತಿನವರೆಗೆ ಮಾತ್ರ ಹತ್ತುತ್ತೆ ಕಣ್ರೀ! ಅಲ್ಲಿಂದ ಕೆಳಗೆ ಏನ್ಮಾಡ್ತೀರಾ?”

ಅಧ್ಯಕ್ಷರು ಒಂದು ಕ್ಷಣ ಕತ್ತಿನಿಂದ ಕೆಳಗಿನದನ್ನು ಯೋಚಿಸಿದರು. ಕೂತರು. “ಓದು” ಎಂದರು, ಕೇಳಿಸದ ಹಾಗೆ.

“ಬೆನ್ನು ನಡುವೆ ಉಬ್ಬಿದೆ, ಅದರ ಮೇಲೆ ಗುಳಿಗಳ ಒಂಬತ್ತು ಸಾಲು. ಕಾಲುಗಳು ಎಲ್ಲವೂ ಕಾಣುತ್ತವೆ. ತಲೆಯ ಮೇಲೆ ಹನ್ನೆರಡು ಕೂದಲು, ಹದಿಮೂರನೆಯದು ಅನುಮಾನ. ಬಾಯಿಯ ಬಲ ಅಂಚಿಗೆ ಹೂವಿನ ಹುಡಿಯ ಒಂದು ಹಳದಿ ಕಣ ಅಂಟಿದೆ. ಹೋಲಿಕೆ: ಇದಕ್ಕೆ ಅತಿ ಹತ್ತಿರದ್ದು ಚಿಕ್ಕರಂಗಯ್ಯ ಜೀರುಂಡೆ. ಅದರ ಕುಡಿಮೀಸೆಯ ತುದಿಯಲ್ಲಿ ದಪ್ಪ ಮಣಿಗಳು ನಾಲ್ಕು, ಇದರಲ್ಲಿ ಮೂರು. ಚಿಕ್ಕರಂಗಯ್ಯ ಜೀರುಂಡೆಯ ಎಡ ಹಿಂಗಾಲು ಗಾಳಿಗುಳ್ಳೆಯ ಮರೆಯಲ್ಲಿದೆ, ಕಾಣುವುದಿಲ್ಲ. ತುದಿಯ ಎರಡು ಉಗುರುಗಳು ಕಾಣುತ್ತವೆ.”

ಹಾಳೆ ಮಡಚಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬೆಳಿಗ್ಗೆ ಒಲೆ ಹಚ್ಚುತ್ತಿದ್ದಾಗ ಅಪ್ಪ ಕೂಗಿದರು. “ವನಾ, ಬಾಯಿಲ್ಲಿ. ಮಂಚದ ಮ್ಯಾಲೆ ಏನೋ ಬಿದ್ದಾವೆ ನೋಡು.”

ಮಂಚದ ಕೊನೆಯಲ್ಲಿ, ಚಾಪೆಯಿಂದ ಗೇಣುದ್ದ ಮೇಲೆ, ಹತ್ತೊಂಬತ್ತು ವರ್ಷ ಕತ್ತರಿಸದೆ ಬೆಳೆದು ಸುರುಳಿಯಾದ ಎರಡು ಕಾಲುಗುರುಗಳಿದ್ದವು. ಸುತ್ತ ಏನೂ ಇರಲಿಲ್ಲ. ಒಂದನ್ನು ಹಿಡಿದು ಎತ್ತಿದೆ.

“ಅಯ್ಯಯ್ಯೋ, ಎಳೀಬ್ಯಾಡ! ನೋಯ್ತದೆ!”

ನಾನು ಅಲ್ಲೇ ಕೂತೆ. ಉಗುರಿನಿಂದ ಮೇಲಕ್ಕೆ ಕೈ ಸರಿಸಿದೆ. ಬೆರಳುಗಳಿದ್ದವು, ಐದೂ. ಹಿಮ್ಮಡಿ ಒಡೆದಿತ್ತು. ಮೊಣಕಾಲು ಬೆಚ್ಚಗಿತ್ತು, ಅದರ ಮೇಲೆ ಚಿಕ್ಕಂದಿನಲ್ಲಿ ನಾನು ಕೂತು ಆಡಿದ್ದು ನೆನಪಾಗಿ ಕಣ್ಣು ಮಂಜಾಯಿತು. 

“ಅಲ್ಲೇ, ಮೊಣಕಾಲ ಕೆಳಗೆ ಸ್ವಲ್ಪ ಕೆರಿ” ಎಂದರು ಅಪ್ಪ ಕಣ್ಣು ಮುಚ್ಚಿ. “ಎಷ್ಟು ವರ್ಷ ಆಯ್ತವ್ವ, ಆ ಜಾಗ ಕಡೀತಾ.”

ಆದರೆ ನಡೆಯಲು ಎದ್ದಾಗ ತೊಂದರೆ ಶುರುವಾಯಿತು. ಕಾಣದ ಕಾಲನ್ನು ಎಲ್ಲಿ ಇಡುತ್ತಿದ್ದೇವೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಎರಡು ಹೆಜ್ಜೆಗೆ ಒಂದು ಜರಡಿ, ಒಂದು ನೀರಿನ ಚೆಂಬು ಉರುಳಿದವು. ಅಷ್ಟರಲ್ಲಿ ಬಾಗಿಲಲ್ಲಿ ರಾಚಮ್ಮನವರು ನಿಂತಿದ್ದರು. ಬೈಯಲು ಬಂದಿದ್ದಾರೆಂದು ನಾನು ತಲೆ ತಗ್ಗಿಸಿದೆ.

“ನಮ್ಮೆಜಮಾನ್ರು ಎದ್ದಾಗಿಂದ ನಿಮ್ಮನ್ನ ಬೈತಾನೇ ಇದಾರೆ” ಎಂದರು ರಾಚಮ್ಮ. “ಕತ್ತು ಉದ್ದ, ಬೆನ್ನು ಗೂನು, ತುಟೀಲಿ ಹಳದಿ ಚುಕ್ಕೆ, ಎಷ್ಟು ಒರೆಸಿದ್ರೂ ಹೋಗಲ್ಲ. ಸೋಮವಾರ ಸಭೆ ಕರ್ದು ನಿಮ್ಮ ಆದೇಶ ರದ್ದು ಮಾಡ್ತಾರಂತೆ. ಹನ್ನೆರಡು ಕೂದಲಿಗೆ ಎಣ್ಣೆ ಹಚ್ಕೊಂಡು ಕೂತವ್ರೆ.” ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಆದ್ರೆ ಸಾವಿರ ಜನದಲ್ಲಿ ನಿಲ್ಲಿಸಿದ್ರೂ ನಾನು ಗುರುತು ಹಿಡೀತೀನಿ ಕಣಮ್ಮ. ನಂಗೆ ಈ ದಾರ ಬೇಕಾಗಿಲ್ಲ. ಬಿಸಾಡೋಕೆ ಮನಸ್ಸು ಬರ್ಲಿಲ್ಲ, ನಿಮಗೇ ಇರ್ಲಿ ಅಂತ ತಂದೆ. ಬಾಕಿ ಹದಿನಾಲ್ಕು ಜನದ ಹೆಂಡ್ತೀರು ಹೋಲಿಕೆಗೆ ಕಲ್ಲು ತೆಗೆಸೋದು ಹೆಂಗೆ ಅಂತ ಕೇಳ್ತಾ ಇದ್ರು.”

“ನನ್ನ ಆದೇಶ ಸೋಮವಾರದವರೆಗೆ ಇದೆಯಲ್ಲಮ್ಮ” ಎಂದೆ. ಹಾಗೆ ಅಂದದ್ದು ನಾನೇನಾ ಎಂದು ಈಗಲೂ ಅನುಮಾನ.

ಅವರು ಹೋದ ಮೇಲೆ ಬಗ್ಗಿ, ಕೈಯಿಂದ ತಡವಿ, ಅಪ್ಪನ ಎಡ ಕಣಕಾಲು ಹುಡುಕಿ, ಬದನೆಕಾಯಿ ಬಣ್ಣದ ದಾರವನ್ನು ಮೂರು ಸುತ್ತು ಸುತ್ತಿ ಗಂಟು ಹಾಕಿದೆ. ಗಂಟು ಬಿಗಿಯಾಯಿತೇ ಎಂದು ಎರಡು ಸಲ ಕೇಳಿದೆ. ಅಪ್ಪ ದಾರವನ್ನು ನೋಡಿಕೊಂಡು ಒಂದು ಹೆಜ್ಜೆ ಇಟ್ಟರು. ಇನ್ನೊಂದು ಇಟ್ಟರು. ಹೊಸ್ತಿಲು ದಾಟಿದರು. ಊರುಗೋಲು ಗೋಡೆಗೆ ಒರಗಿಕೊಂಡೇ ಇತ್ತು.

ಕೆಲಸಕ್ಕೆ ಹೊರಟಿದ್ದ ಹುಸೇನಣ್ಣ ಬೀದಿಯ ನಡುವೆ ನಿಂತುಬಿಟ್ಟರು. “ರಂಗಣ್ಣಾ! ಕಾಲು ಬಂತಾ? ಎಲ್ಲಿ?”

“ಐತೆ ಕಣೋ” ಎಂದರು ಅಪ್ಪ, ಗುಡ್ಡದ ದಾರಿಗೆ ತಿರುಗುತ್ತ. “ಕಾಣಾಕಿಲ್ಲ, ಅಷ್ಟೇ.”